ಮಾರ್ಗದ ಬದಿಗೆ ಬಂದು ನಿಂತ ಗಾಜಿನ ತಂತಿ

ಕಳೆದ ಮಳೆಗಾಲದ ಒಂದು ಸಂಜೆ. ಶಾಲೆ ಬಿಟ್ಟು ಬಸ್ಸಿನಿಂದಿಳಿದು ಮನೆಯ ಕಡೆ ಹೊರಟಿದ್ದೆ. ಡಾಮರು ಮಾರ್ಗದಿಂದ ನಮ್ಮ ಬೈಲಿಗೆ ಕವಲೊಡೆಯುವ ಜಾಗದ ವಿದ್ಯುತ್ ಕಂಬದಲ್ಲಿ ಕಪ್ಪು ಕೇಬಲಿನ ದೊಡ್ಡದೊಂದು ಸುರುಳಿ ತೂಗಾಡುತ್ತಿದೆ. ಎಂಟನೆಯ ತರಗತಿಯ ನನ್ನದೇ ವಿದ್ಯಾರ್ಥಿಯೊಬ್ಬ ಕೊಡೆ ಹಿಡಿದು ಅದನ್ನೇ ನೋಡುತ್ತ ನಿಂತಿದ್ದ.

"ಸರ್, ಇದು ನಮ್ಮಲ್ಲಿಗೆ ಯಾವಾಗ ಬರುತ್ತದೆ?"

"ಕಂಬ ಬಂದ ಮೇಲೆ."

"ಕಂಬ ಯಾವಾಗ ಬರುತ್ತದೆ?"

ಮಾಸ್ತರನಾದವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಆಗುವ ಮುಜುಗರ ವಾಚಕರು ಬಲ್ಲರು. ಮಳೆ ಜೋರಾಯಿತು ಎಂಬ ನೆವ ಹೇಳಿ ಇಬ್ಬರೂ ಬೇಗ ಬೇಗ ನಡೆದೆವು. ಆ ಸುರುಳಿ ಅಲ್ಲಿಗೆ ಬಂದು ಆಗಲೇ ಎರಡು ವರ್ಷ ಕಳೆದಿತ್ತು. ಅಲ್ಲಿಂದ ನನ್ನ ಮನೆಗೆ ಒಂದೂಕಾಲು ಕಿಲೋಮೀಟರು. ಹುಡುಗನ ಮನೆಗೆ ಇನ್ನೂ ಒಂದು ತೋಡು ದಾಟಬೇಕು.

ಅದರೊಳಗಿರುವುದು ಗಾಜಿನ ನೂಲು. ಮನುಷ್ಯನ ಕೂದಲಿನಷ್ಟೇ ಸಪೂರ. ಆ ನೂಲಿನ ನಡುವೆ, ಬೆಳಕು ಹರಿಯುವ ತಿರುಳು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಒಂದು ತುದಿಯಲ್ಲಿ ಬೆಳಕನ್ನು ಕ್ಷಣಕ್ಕೆ ಕೋಟಿಗಟ್ಟಲೆ ಸಲ ಮಿಟುಕಿಸಿದರೆ ಇನ್ನೊಂದು ತುದಿಯಲ್ಲಿ ಅದೇ ಮಾತಾಗಿ, ಚಿತ್ರವಾಗಿ, ಪಾಠವಾಗಿ ಬಿಚ್ಚಿಕೊಳ್ಳುತ್ತದೆ. ಶುದ್ಧವಾದ ಗಾಜು ಸಿಕ್ಕಿದರೆ ಬೆಳಕನ್ನು ಬಹಳ ದೂರ ಕಳುಹಿಸಬಹುದೆಂದು ಚಾರ್ಲ್ಸ್ ಕಾವೋ ಎಂಬ ವಿಜ್ಞಾನಿ 1966ರಲ್ಲಿ ಲೆಕ್ಕ ಹಾಕಿ ತೋರಿಸಿದ. ಅದಕ್ಕೆ ನೊಬೆಲ್ ಪಾರಿತೋಷಕ ಬಂದದ್ದು 2009ರಲ್ಲಿ. ನಲುವತ್ತಮೂರು ವರ್ಷ! ನಮ್ಮ ಬೈಲಿನವರು ಎರಡು ವರ್ಷಕ್ಕೆ ತಾಳ್ಮೆಗೆಡುವುದು ಸರಿಯಲ್ಲವೆಂದು ಯಾರಾದರೂ ವಾದಿಸಿದರೆ ನನ್ನಲ್ಲಿ ಮರುಮಾತಿಲ್ಲ.

ತಾಮ್ರದ ಕಾಲ

ನಮ್ಮಲ್ಲಿ ದೂರವಾಣಿಯ ತಂತಿ ಮೊದಲು ಬಂದದ್ದು ತಾಮ್ರದ್ದು. 2005ನೇ ಇಸವಿಯ ಜನವರಿಯಲ್ಲಿ ಭಾರತ ಸಂಚಾರ ನಿಗಮದವರು ಅದೇ ತಾಮ್ರದ ಮೇಲೆ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದರು. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂಬುದು 2004ರ ಸರಕಾರಿ ನೀತಿಯ ಮಾತು. ಅಂದು ಅದು ದೊಡ್ಡ ವೇಗವೇ. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದವನು. ಪೇಟೆಯ ಅಂಗಡಿಯಲ್ಲಿ ಗಂಟೆಗೆ ಇಷ್ಟೆಂದು ಹಣ ಕೊಟ್ಟು ಒಂದು ಪತ್ರ ಕಳುಹಿಸಿ, ಲೋಕ ಗೆದ್ದವನಂತೆ ಮನೆಗೆ ಬಂದ ನೆನಪಿದೆ. ಅದೇ ವ್ಯಾಖ್ಯೆಯನ್ನು ಕನಿಷ್ಠ 2 ಮೆಗಾಬಿಟ್‌ಗೆ ಏರಿಸಿದ ಅಧಿಸೂಚನೆ ಹೊರಟದ್ದು 2023ರ ಜನವರಿಯಲ್ಲಿ.

ತಾಮ್ರಕ್ಕೆ ಎರಡು ದೋಷ. ಒಂದು, ಎಕ್ಸ್‌ಚೇಂಜಿನಿಂದ ದೂರ ಹೋದಂತೆ ವೇಗ ಸೋರಿಹೋಗುತ್ತದೆ. ನಾಲ್ಕೈದು ಕಿಲೋಮೀಟರು ದಾಟಿದರೆ ಹೆಸರಿಗೆ ಮಾತ್ರ ಸಂಪರ್ಕ. ಇನ್ನೊಂದು, ಸಿಡಿಲು. ನಮ್ಮ ಕಡೆಯ ಮಾರ್ಚ್-ಎಪ್ರಿಲಿನ ಸಂಜೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡೆಯಾಚೆ ಬಡಿದ ಸಿಡಿಲು ತಂತಿ ಹಿಡಿದು ಬಂದು ನನ್ನ ಎರಡು ಮೋಡೆಮ್‌ಗಳನ್ನು ಸುಟ್ಟಿದೆ. ಗಾಜಿನ ನೂಲಿನಲ್ಲಿ ವಿದ್ಯುತ್ ಹರಿಯದು. ಹತ್ತಿಪ್ಪತ್ತು ಕಿಲೋಮೀಟರು ಹೋದರೂ ಬೆಳಕು ಹೆಚ್ಚು ಸೊರಗದು. ಸಾಮಾನ್ಯವಾಗಿ ಒಂದು ನೂಲನ್ನು 32 ಮನೆಗಳಿಗೆ ಹಂಚುತ್ತಾರೆ. ಅದರಲ್ಲಿ ಹರಿಯುವುದು ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್. ಮೂವತ್ತೆರಡು ಮನೆಯವರೂ ಒಮ್ಮೆಗೇ ಕುಳಿತರೂ ತಲೆಗೆ 75ರ ಮೇಲೆ ಸಿಕ್ಕಬೇಕು. ಹಂಚಿ ತಿಂದರೂ ಹೊಟ್ಟೆ ತುಂಬುವ ವಸ್ತು ಇದು.

ಆದರೆ ಹಳೆಯ ತಾಮ್ರದ ಒಂದು ಗುಣವನ್ನು ಹೇಳದೆ ಹೋದರೆ ಅನ್ಯಾಯವಾದೀತು. ಮನೆಯಲ್ಲಿ ಕರೆಂಟು ಹೋದರೂ ಆ ಟೆಲಿಫೋನು ಮಾತಾಡುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಗಾಜಿನ ತಂತಿಯ ಪೆಟ್ಟಿಗೆಗೆ ನಮ್ಮ ಗೋಡೆಯ ಕರೆಂಟೇ ಬೇಕು. ಜೂನ್-ಜುಲಾಯಿಯಲ್ಲಿ ಕಂಗಿನ ಮರ ಲೈನಿಗೆ ಬಿದ್ದು ಎರಡು ದಿನ ಕತ್ತಲಾದರೆ ಫೈಬರೂ ಕತ್ತಲೆಯೇ.

ಗುಡ್ಡೆ ಹತ್ತಿದ ಮಕ್ಕಳು

ಇಷ್ಟಾದರೂ ಹೇಳಬೇಕಾದದ್ದು ಇನ್ನೂ ಬಂದಿಲ್ಲ. ವೇಗದ ಅಂತರ್ಜಾಲ ಎಲ್ಲರಿಗೂ ಬೇಕು. ಅದು ತಡವಾದರೆ ಎಲ್ಲರಿಗೂ ತೊಂದರೆ. ಹಾಗಿದ್ದ ಮೇಲೆ ಕನ್ನಡದ ಮಾಸ್ತರನಿಗೆ ಇದರಲ್ಲಿ ವಿಶೇಷ ಗೋಳೇನು ಎಂದು ಕೇಳುವವರಿದ್ದಾರೆ. ಅವರಿಗೆ 2020ನೇ ಇಸವಿಯ ಜೂನ್ ತಿಂಗಳನ್ನು ನೆನಪು ಮಾಡಿಕೊಡುತ್ತೇನೆ.

ಕೊರೋನಾದಿಂದ ಶಾಲೆಗಳು ಮುಚ್ಚಿದ್ದುವು. ಜೂನ್ 1ರಂದು ಕೇರಳ ಸರಕಾರ 'ಫಸ್ಟ್ ಬೆಲ್' ಎಂಬ ಹೆಸರಿನಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ ಪಾಠ ಸುರುಮಾಡಿತು. ಒಳ್ಳೆಯ ಕೆಲಸ, ದೇಶವೇ ಮೆಚ್ಚಿದ ಕೆಲಸ, ನಾನೂ ಮೆಚ್ಚಿದ್ದೇನೆ. ಟಿ.ವಿ. ಇದ್ದ ಮನೆಯಲ್ಲಿ ಮಕ್ಕಳು ಚಾಪೆ ಹಾಸಿ ಕುಳಿತು ಪಾಠ ಕೇಳಬಹುದಿತ್ತು, ಅಂತರ್ಜಾಲದ ಹಂಗಿಲ್ಲ. ಆದರೆ ಆ ವಾಹಿನಿಯ ಪಾಠ ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಪಾಠಗಳನ್ನು ನಮ್ಮ ಜಿಲ್ಲೆಯ ಅಧ್ಯಾಪಕರೇ ಸಿದ್ಧಪಡಿಸಿದರು. ಅವು ಮಕ್ಕಳಿಗೆ ಸಿಕ್ಕಿದ್ದು ಮುಖ್ಯವಾಗಿ ಯೂಟ್ಯೂಬಿನಲ್ಲಿ ಮತ್ತು ಸ್ಥಳೀಯ ಕೇಬಲ್ ಜಾಲಗಳಲ್ಲಿ. ಪಾಲಕ್ಕಾಡಿನ ಕಡೆಯ ತಮಿಳು ಮಾಧ್ಯಮದ ಮಕ್ಕಳ ಪಾಡೂ ಇದೇ.

ಇದರ ಅರ್ಥವೇನೆಂಬುದನ್ನು ಗಮನಿಸಬೇಕು. ಮಲಯಾಳದ ಮಗುವಿಗೆ ಪಾಠ ಟಿ.ವಿ.ಗೇ ಬಂತು. ಕೇಬಲು ಮುಟ್ಟದ ಬೈಲುಗಳಲ್ಲಿ, ಅಂದರೆ ಕನ್ನಡ ಶಾಲೆಯ ಮಕ್ಕಳ ಮನೆಗಳು ಹೆಚ್ಚಾಗಿರುವ ಗಡಿಯ ಒಳನಾಡಿನಲ್ಲಿ, ನಮ್ಮ ಮಗುವಿಗೆ ಪಾಠ ಅಂತರ್ಜಾಲದಲ್ಲಿಯೇ ಬರಬೇಕಾಯಿತು. ಅಂತರ್ಜಾಲವೋ, ಗುಡ್ಡೆಯ ಮೇಲೆ! ಎಣ್ಮಕಜೆ, ಪೈವಳಿಕೆ, ದೇಲಂಪಾಡಿಯಂಥ ಪಂಚಾಯತುಗಳ ಬೈಲುಗಳಲ್ಲಿ ಮೊಬೈಲಿನ ಅಲೆ ಇಳಿಯುವುದೇ ಇಲ್ಲ. ನನ್ನ ತರಗತಿಯ ಮೂವರು ಹುಡುಗಿಯರು ದಿನಾ ಮುಂಜಾನೆ ಗೇರುಮರದ ಗುಡ್ಡೆ ಹತ್ತಿ, ಒಂದು ಫೋನಿನ ಸುತ್ತ ಮೂರು ತಲೆ ಸೇರಿಸಿ ಪಾಠ ಕೇಳುತ್ತಿದ್ದರು. ಮಳೆ ಬಂದರೆ ಒಬ್ಬಳು ಕೊಡೆ ಹಿಡಿಯಬೇಕು, ಅವಳಿಗೆ ಬರೆದುಕೊಳ್ಳಲಾಗುವುದಿಲ್ಲ. ಸರದಿ ಪ್ರಕಾರ ಕೊಡೆ ಹಿಡಿಯುತ್ತಿದ್ದರಂತೆ. ಆ ವರ್ಷದ ನೋಟ್ಸ್ ಪುಸ್ತಕಗಳನ್ನು ತಿದ್ದುವಾಗ, ಮೂರು ಪುಸ್ತಕಗಳಲ್ಲಿಯೂ ಮೂರರಲ್ಲೊಂದು ಪಾಠ ಬಿಟ್ಟುಹೋದದ್ದನ್ನು ಕಂಡು ವಿಚಾರಿಸಿದಾಗ ಈ ವಿಷಯ ನನಗೆ ತಿಳಿದದ್ದು.

ಸ್ವಲ್ಪ ಗಣಿತ ಮಾಡೋಣ. ಅರ್ಧ ಗಂಟೆಯ ಪಾಠ, ಸಣ್ಣ ಚಿತ್ರವಾದರೂ 100 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಗುಡ್ಡೆಯ ಮೇಲೆ ಸಿಕ್ಕುತ್ತಿದ್ದ ವೇಗ ಒಳ್ಳೆಯ ದಿನದಲ್ಲಿ ಆ ಹಳೆಯ 256 ಕಿಲೋಬಿಟ್ಟಿಗಿಂತ ಹೆಚ್ಚೇನಿರಲಿಲ್ಲ. ಆ ವೇಗದಲ್ಲಿ ಅಷ್ಟನ್ನು ಇಳಿಸಲು 52 ನಿಮಿಷ ಬೇಕು. ಅರ್ಧ ಗಂಟೆಯ ಪಾಠಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿದ ಕಾಯುವಿಕೆ! 20 ಮೆಗಾಬಿಟ್ಟಿನ ಫೈಬರಿನಲ್ಲಿ ಇದೇ ಪಾಠ 40 ಸೆಕೆಂಡಿನ ಕೆಲಸ.

ಕೆಲವರು ಬುದ್ಧಿ ಹೇಳಿದರು: ಕರ್ನಾಟಕದ ಪಾಠ ಚಂದನ ವಾಹಿನಿಯಲ್ಲಿ ಬರುತ್ತದಲ್ಲ, ಡಿಶ್ಶಿನಲ್ಲಿ ಅದನ್ನೇ ನೋಡಲಿ ಎಂದು. ಆ ಜುಲಾಯಿಯಲ್ಲಿ ಅಲ್ಲಿ ಪಾಠ ಸುರುವಾದದ್ದು ನಿಜ. ನಮ್ಮ ಮಕ್ಕಳು ನೋಡಿದ್ದೂ ನಿಜ. ಭಾಷೆ ನಮ್ಮದೇ, ಆದರೆ ಪಠ್ಯ ಬೇರೆ. ಕೇರಳದ ಪರೀಕ್ಷೆ ಬರೆಯುವ ಮಗುವಿಗೆ ಆ ಪಾಠ ನೆರೆಮನೆಯ ಊಟದ ಪರಿಮಳದಂತೆ. ಗಡಿಯ ಮಕ್ಕಳಿಗೆ ಗಾಳಿಯಲ್ಲಿ ಬಂದ ಎರಡು ಪಾಠಗಳಲ್ಲಿ ಒಂದರ ಭಾಷೆ ಸಲ್ಲಲಿಲ್ಲ, ಇನ್ನೊಂದರ ಪುಸ್ತಕ ಸಲ್ಲಲಿಲ್ಲ. ಎರಡೂ ಸಲ್ಲುವ ಪಾಠ ತಂತಿಯ ತುದಿಯಲ್ಲಿತ್ತು.

ನಾನು ಟಿ.ಸಿ.ಎಚ್. ಕಲಿಯುವಾಗ ಕರಿಹಲಗೆಯ ಮೇಲೆ ಅಕ್ಷರ ಓರೆಯಾಗದಂತೆ ಬರೆಯುವುದಕ್ಕೆ ಅಂಕವಿತ್ತು. ಕೊನೆಯ ಬೆಂಚಿನವನಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿರಿ ಎಂದು ಗುರುಗಳು ಪದೇ ಪದೇ ಹೇಳುತ್ತಿದ್ದರು. ಆ ವರ್ಷ ಕೊನೆಯ ಬೆಂಚು ಗುಡ್ಡೆಯ ಮೇಲಿತ್ತು.

ಘೋಷಣೆಗಳ ಹಾದಿ

ಯೋಜನೆಗಳಿಗೆ ಬರಗಾಲವಿರಲಿಲ್ಲ. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತುಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಮುಗಿಯುವುದೆಂದು ಹೇಳಿದ್ದರು. ಮೊದಲ ಒಂದು ಲಕ್ಷ ಪಂಚಾಯತು ಮುಟ್ಟುವಾಗಲೇ 2017 ಮುಗಿದಿತ್ತು. ಅಷ್ಟರಲ್ಲಿ ಹೆಸರೂ ಬದಲಾಗಿ 'ಭಾರತ್‌ನೆಟ್' ಆಗಿತ್ತು. ನಮ್ಮ ರಾಜ್ಯ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 2015ರ ಜನವರಿಯಲ್ಲಿ ಇಡುಕ್ಕಿ ಈ ಜಾಲಕ್ಕೆ ಸೇರಿದ ದೇಶದ ಪ್ರಥಮ ಜಿಲ್ಲೆಯಾಯಿತು. ಗುಡ್ಡೆ ಬೆಟ್ಟಗಳ ಜಿಲ್ಲೆಯೆಂಬ ನೆವ ಇಡುಕ್ಕಿಗೆ ಅಡ್ಡ ಬರಲಿಲ್ಲ ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು. 2016ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಕೋಝಿಕ್ಕೋಡಿಗೆ ಬಂದು ಕೇರಳವನ್ನು ದೇಶದ ಮೊದಲ ಡಿಜಿಟಲ್ ರಾಜ್ಯವೆಂದು ಸಾರಿದರು.

2017ರ ಮಾರ್ಚಿನ ರಾಜ್ಯ ಬಜೆಟ್ ಇನ್ನೂ ಮುಂದೆ ಹೋಗಿ ಅಂತರ್ಜಾಲವನ್ನು ಪ್ರಜೆಯ ಹಕ್ಕೆಂದಿತು. ಕೆ-ಫೋನ್ ಯೋಜನೆ ಹುಟ್ಟಿದ್ದು ಹೀಗೆ. ವಿದ್ಯುತ್ ಮಂಡಳಿಯ ಕಂಬ, ಗೋಪುರಗಳು ಹೇಗೂ ಊರೂರಿಗೆ ಇವೆ. ಅವುಗಳ ಮೇಲೆಯೇ ಗಾಜಿನ ತಂತಿ ಎಳೆದು 30 ಸಾವಿರ ಸರಕಾರಿ ಕಚೇರಿಗಳಿಗೂ 20 ಲಕ್ಷ ಬಡ ಕುಟುಂಬಗಳಿಗೂ ಕೊಡುವುದು ಎಂಬ ಯೋಚನೆ. ಬಹಳ ಜಾಣ ಯೋಚನೆಯೆಂದೇ ನನ್ನ ಮತ. 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧಿಸಿದ್ದನ್ನು ಒಪ್ಪದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಕೆ-ಫೋನ್ ಉದ್ಘಾಟನೆಯಾದದ್ದು 2023ರ ಜೂನ್ 5ರಂದು, ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಂದ. ಆಗ ಪ್ರಕಟವಾದ ಅತಿ ಕಡಿಮೆಯ ದರ 20 ಮೆಗಾಬಿಟ್ಟಿಗೆ ತಿಂಗಳಿಗೆ 299 ರೂಪಾಯಿ.

ಬಡ ಕುಟುಂಬಗಳಿಗೆ ಮೊದಲ ಹಂತದಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ 100ರಂತೆ 140 ಕ್ಷೇತ್ರಗಳಲ್ಲಿ 14 ಸಾವಿರ ಮನೆಗಳೆಂದು ನಿಗದಿಯಾಯಿತು. ಕಾಸರಗೋಡು ಜಿಲ್ಲೆಗೆ ಐದು ಕ್ಷೇತ್ರ. ಎಂದರೆ 500 ಮನೆ. ಜಿಲ್ಲೆಯಲ್ಲಿ ಗ್ರಾಮ ಪಂಚಾಯತುಗಳೇ 38, ಜತೆಗೆ ಮೂರು ನಗರಸಭೆಗಳು. ಪಾಲು ಹಾಕಿದರೆ ಒಂದೊಂದಕ್ಕೆ ಹನ್ನೆರಡು ಮನೆ. ನನ್ನ ಒಂದು ತರಗತಿಯಲ್ಲೇ ಅದಕ್ಕಿಂತ ಹೆಚ್ಚು ಅರ್ಹರಿದ್ದಾರೆ.

ಕಂಬದ ಲೆಕ್ಕ

ತಂತಿ ಪಂಚಾಯತ್ ಕಚೇರಿಗೆ ಬಂತು, ಶಾಲೆಗೆ ಬಂತು, ಬ್ಯಾಂಕಿಗೆ ಬಂತು. ಶಾಲೆಯ ಮಟ್ಟಿಗೆ ಹೇಳುವುದಾದರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ. 2022ರಲ್ಲಿ ರಾಜ್ಯದ ಹೈಟೆಕ್ ತರಗತಿಗಳ ವೇಗವನ್ನು 8ರಿಂದ 100 ಮೆಗಾಬಿಟ್ಟಿಗೇರಿಸುವ ಕೆಲಸ ಕೈಗೊಂಡರು. ಈಗ ಮಕ್ಕಳ ವಿವರ ತುಂಬುವ 'ಸಂಪೂರ್ಣ' ತಂತ್ರಾಂಶ ತೆರೆಯಲು ಚಾ ಕುಡಿದು ಬರಬೇಕಾಗಿಲ್ಲ. ಸಮಗ್ರ ಜಾಲತಾಣದಿಂದ ಕನ್ನಡದ ಪಠ್ಯಪುಸ್ತಕವನ್ನು ಕಣ್ಣು ಮಿಟುಕಿಸುವುದರೊಳಗೆ ಇಳಿಸಬಹುದು. ಪುಸ್ತಕ ಅಚ್ಚಾಗಿ ಬರಲು ತಡವಾದ ವರ್ಷಗಳಲ್ಲಿ ಇದೇ ನಮ್ಮನ್ನು ಬದುಕಿಸಿದೆ. ಆದರೆ ನಾಲ್ಕು ಗಂಟೆಗೆ ಗಂಟೆ ಬಾರಿಸಿದ ಮೇಲೆ ಮಗು ಹೋಗುವುದು ಬೈಲಿಗೆ.

ಅಲ್ಲಿಗೆ ತಂತಿ ಯಾಕೆ ಇಳಿಯುವುದಿಲ್ಲ? ನಮ್ಮ ಭಾಗದಲ್ಲಿ ಫೈಬರ್ ಹಾಕುವವರಲ್ಲಿ ಹೆಚ್ಚಿನವರು ಹಿಂದೆ ಟಿ.ವಿ. ಕೇಬಲ್ ಎಳೆದವರೇ. ಕೇರಳದ ಕೇಬಲಿನವರು ಒಟ್ಟಾಗಿ ಕಟ್ಟಿದ ಸಂಸ್ಥೆ ಇಂದು ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ದೇಶದ ಮೊದಲ ಸಾಲಿನ ಕಂಪನಿಗಳ ಪಟ್ಟಿಯಲ್ಲಿದೆ. ಅವರ ಶ್ರಮವನ್ನು ಕಡಿಮೆಯೆನ್ನಲಾರೆ. ಅಂಥ ಒಬ್ಬ ಆಪರೇಟರರನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು.

ಘಟ್ಟದ ಮೇಲೆ ಮನೆಗೆ ಮನೆ ತಾಗಿ ಬೀದಿಯಾಗಿದೆ. ಒಂದು ಫರ್ಲಾಂಗು ತಂತಿ ಎಳೆದರೆ ನಲುವತ್ತು ಮನೆ. ನಮ್ಮಲ್ಲಿ ಹಾಗಲ್ಲ. ಒಂದು ಮನೆ ತೋಡಿನ ಈಚೆ, ಇನ್ನೊಂದು ತೋಟದ ಆಚೆ, ಮತ್ತೊಂದು ಗುಡ್ಡೆಯ ಬುಡದಲ್ಲಿ. ನಡುವೆ ಕಂಗು, ತೆಂಗು, ರಬ್ಬರು. ಒಂದೂಕಾಲು ಕಿಲೋಮೀಟರಿಗೆ ಹತ್ತೇ ಮನೆ. ವಿದ್ಯುತ್ ಕಂಬದಲ್ಲಿ ತಂತಿ ತೂಗಿಸಿದರೆ ಅದಕ್ಕೆ ಬಾಡಿಗೆ ತೆರಬೇಕು. ತೋಟದ ನಡುವಿನ ಕೆಲವು ಕಂಬಗಳು ಎಷ್ಟು ಹಳತೆಂದರೆ ಇನ್ನೊಂದು ಭಾರ ಹೊರಿಸಲು ಒಪ್ಪಿಗೆ ಸಿಕ್ಕುವುದಿಲ್ಲ. ಹೊಸ ಕಂಬ ಸ್ವಂತ ಖರ್ಚಿನಲ್ಲಿ ನೆಡಬೇಕು. ತೆಂಗಿನ ಮಡಲು ಬಿದ್ದು ತಂತಿ ತುಂಡಾದರೆ ಜೋಡಿಸುವುದಕ್ಕೆ ತಾಮ್ರದಂತೆ ಹಲ್ಲಿನಲ್ಲಿ ಕಚ್ಚಿ ತಿರುಚಿದರೆ ಸಾಲದು. ಯಂತ್ರವಿಟ್ಟು ಎರಡು ತುದಿಗಳನ್ನು ಕರಗಿಸಿ ಬೆಸೆಯಬೇಕು. ಆ ಯಂತ್ರ ಹೊತ್ತುಕೊಂಡು ಜಾರುವ ಕಟ್ಟಹುಣಿಯಲ್ಲಿ ನಡೆಯುವವನಿಗೂ ಕೂಲಿ ಬೇಕು. "ಮಾಸ್ತರ್ರೇ, ಪೇಟೆಯ ಒಂದು ಫ್ಲಾಟಿನಲ್ಲಿ ನನಗೆ ಒಂದು ಗಂಟೆಯಲ್ಲಿ ಆಗುವ ಸಂಪಾದನೆ ನಿಮ್ಮ ಬೈಲಿನಲ್ಲಿ ಒಂದು ವರ್ಷಕ್ಕೂ ಆಗುವುದಿಲ್ಲ" ಎಂದರು. ಸುಳ್ಳೆಂದು ಹೇಳುವಂತಿಲ್ಲ. ಸರಕಾರದ ಹಣದಲ್ಲಿ ಪಂಚಾಯತಿನವರೆಗೆ ಬಂದ ತಂತಿ ಅಲ್ಲಿಂದ ಮುಂದೆ ಲಾಭ-ನಷ್ಟದ ದಾರಿ ಹಿಡಿಯುತ್ತದೆ. ಆ ದಾರಿ ಬೈಲಿಗೆ ಬರುವುದಿಲ್ಲ.

ಹಳೆಯ ತಾಮ್ರದ ಆಸರೆಯೂ ಸಡಿಲವಾಗಿದೆ. 2020ರ ಜನವರಿ 31ರಂದು ಭಾರತ ಸಂಚಾರ ನಿಗಮದ ಸುಮಾರು 78 ಸಾವಿರ ನೌಕರರು ಸ್ವಯಂನಿವೃತ್ತಿ ಪಡೆದರು. ತೋಟ ತೋಟದ ತಂತಿಯ ಗುರುತಿದ್ದ ಹಳೆಯ ಲೈನ್‌ಮ್ಯಾನರಲ್ಲಿ ಎಷ್ಟೋ ಮಂದಿ ಹೋದದ್ದು ಆಗಲೇ. ಅದಾಗಿ ನಾಲ್ಕೇ ತಿಂಗಳಲ್ಲಿ ಮಕ್ಕಳು ಮನೆಯಲ್ಲಿ ಕುಳಿತು ಪಾಠ ಕೇಳಬೇಕಾಗಿ ಬಂದದ್ದು ಎಂಥ ಮುಹೂರ್ತವೋ!

ಖಾಸಗಿ ಕಂಪನಿಯೊಂದಕ್ಕೆ ನಾನೂ ಅರ್ಜಿ ಹಾಕಿದ್ದೆ. 'ನಿಮ್ಮ ಪ್ರದೇಶಕ್ಕೆ ಶೀಘ್ರದಲ್ಲೇ ಬರುತ್ತೇವೆ' ಎಂಬ ಸಂದೇಶ ಬಂತು. ಪ್ರತಿ ಆರು ತಿಂಗಳಿಗೊಮ್ಮೆ ಅದೇ ಸಂದೇಶ, ಅದೇ 'ಶೀಘ್ರ'. ಆ ಸಂದೇಶ ಓದಲೂ ಅಂಗಳದ ಮೂಲೆಗೆ ಹೋಗಬೇಕು. ಅಲ್ಲಿಗೆ ಹೋದರೆ ಫೋನು ಕರ್ನಾಟಕದ ಗೋಪುರವನ್ನು ಹಿಡಿದು, ಬೇರೆ ರಾಜ್ಯಕ್ಕೆ ಸ್ವಾಗತ ಎನ್ನುತ್ತದೆ. 1956ರಲ್ಲಿ ಎಳೆದ ಗೆರೆ ನನ್ನ ಅಂಗಳದಲ್ಲಿ ಇಲ್ಲವೆಂದು ಅದಕ್ಕೆ ಹೇಳುವವರು ಯಾರು?

ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಸಭೆಗಳಲ್ಲಿ ಮಾತಾಡುತ್ತೇವೆ, ನಾನೂ ಮಾತಾಡಿದ್ದೇನೆ. ಆದರೆ ಕಳೆದ ವರ್ಷ ಮಗಳ ವರ್ಗಾವಣೆ ಪತ್ರಕ್ಕೆ ಬಂದ ತಂದೆಯೊಬ್ಬರು ಭಾಷೆಯ ಮಾತೇ ಎತ್ತಲಿಲ್ಲ. "ಪೇಟೆಯಲ್ಲಿ ತಂಗಿಯ ಮನೆಯಿದೆ, ಅಲ್ಲಿ ವೈಫೈ ಉಂಟು, ಇವಳು ಅಲ್ಲೇ ನಿಲ್ಲುತ್ತಾಳೆ. ಅಲ್ಲಿ ಹತ್ತಿರ ಕನ್ನಡ ಶಾಲೆ ಇಲ್ಲ, ಏನು ಮಾಡುವುದು?" ಎಂದರು. ನಾನು ಪತ್ರಕ್ಕೆ ಸಹಿ ಹಾಕಿಸಿ ಕೊಟ್ಟೆ. ಅವಳು ಗುಡ್ಡೆ ಹತ್ತಿದ ಆ ಮೂವರಲ್ಲಿ ಒಬ್ಬಳ ತಂಗಿ.

ಆಪರೇಟರರು ಕೊನೆಗೆ ಒಂದು ಮಾತು ಕೊಟ್ಟಿದ್ದಾರೆ. ಹತ್ತು ಮನೆಗಳಲ್ಲಿ ಎಂಟು ಮನೆಯವರು ಒಪ್ಪಿ ಕಂಬದ ಖರ್ಚಿನಲ್ಲಿ ಅರ್ಧ ಪಾಲು ಕೊಟ್ಟರೆ ದೀಪಾವಳಿಯೊಳಗೆ ತಂತಿ ಇಳಿಸುತ್ತಾರೆ. ಎರಡು ಆದಿತ್ಯವಾರ ಮನೆ ಮನೆ ಹತ್ತಿಳಿದೆ. ಮಗ ದುಬೈಯಲ್ಲಿರುವ ಮುದುಕ ದಂಪತಿ, ಮೊಮ್ಮಗನ ಮುಖ ನಿಂತು ನಿಂತು ಬರುತ್ತದೆ ಎಂದು ಮೊದಲೇ ಹಣ ತೆಗೆದಿಟ್ಟರು. ಇನ್ನೊಂದು ಮನೆಯವರು, ಮಕ್ಕಳು ಫೋನಿಗೆ ಬಿದ್ದು ಹಾಳಾಗುತ್ತಾರೆ ಎಂದು ಬಾಗಿಲಲ್ಲೇ ಕಳುಹಿಸಿದರು. ಅವರ ಹೆದರಿಕೆಯೂ ಪೂರ್ತಿ ಸುಳ್ಳಲ್ಲ, ನಾನು ಹೆಚ್ಚು ವಾದಿಸಲಿಲ್ಲ. ಈವರೆಗೆ ನನ್ನದೂ ಸೇರಿ ಆರು ಮನೆ ಆಯಿತು. ಎಂಟನೆಯ ತರಗತಿಯ ಆ ಹುಡುಗನ ಅಪ್ಪ ಕೂಲಿ ಕೆಲಸದವರು. ಅವರ ಪಾಲನ್ನು ಎರಡು ಕಂತಿನಲ್ಲಿ ಕೊಡಲು ಆಪರೇಟರರು ಒಪ್ಪಿದರೆ ಏಳಾಗುತ್ತದೆ. ಎಂಟನೆಯವರು ಅಡಿಕೆ ಮಾರಿದ ಮೇಲೆ ಹೇಳುತ್ತೇನೆಂದಿದ್ದಾರೆ.